ಮಿಡಿ ಕೀಬೋರ್ಡ್ ಕಂಟ್ರೋಲರ್: ಮನೆಯಲ್ಲಿ ವರ್ಚುವಲ್ ವಾದ್ಯ ನುಡಿಸುವವರ ಆಯ್ಕೆ

ಕಂಪ್ಯೂಟರಿನಲ್ಲೋ ಟ್ಯಾಬ್ಲೆಟ್‌ನಲ್ಲೋ ತಂತ್ರಾಂಶದ ರೂಪದಲ್ಲಿರುವ ವಾದ್ಯವನ್ನು ಬೆರಳುಗಳಿಂದ ನುಡಿಸಲು ಬಳಸುವ ಕೀಬೋರ್ಡಿಗೆ ಮಿಡಿ ಕೀಬೋರ್ಡ್ ಕಂಟ್ರೋಲರ್ ಎಂದು ಹೆಸರು. ಇದಕ್ಕೆ ಸ್ವಂತ ದನಿಯಿಲ್ಲ, ಸಾಮಾನ್ಯವಾಗಿ ಸ್ಪೀಕರ್ ಕೂಡ ಇರುವುದಿಲ್ಲ. ಕೀ ಒತ್ತಿದಾಗ ಇದರಿಂದ ಹೊರಡುವುದು ನಾದವಲ್ಲ; ಯಾವ ಸ್ವರ, ಎಷ್ಟು ರಭಸ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟದ್ದು ಎಂಬ ವರದಿ. ಆ ವರದಿಯನ್ನು ಓದಿ ಪಿಯಾನೋ, ಪಿಟೀಲು, ಆರ್ಗನ್, ಸಿತಾರ್ ಅಥವಾ ಡ್ರಮ್ಸ್ ಆಗಿ ದನಿ ಹೊರಡಿಸುವುದು ತಂತ್ರಾಂಶದ ಕೆಲಸ. ಆದ್ದರಿಂದ ಅಂಗಡಿಯಲ್ಲಿ ಮಾಮೂಲಿ ಕೀಬೋರ್ಡ್ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, ‘ಸೌಂಡ್ ಹೇಗಿದೆ?’ ಎಂಬುದು, ಇಲ್ಲಿ ಅನ್ವಯಿಸುವುದಿಲ್ಲ. ಸೌಂಡನ್ನು ಆಮೇಲೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಬದಲಾಯಿಸಲಾಗದ್ದು ಕೀಗಳ ಸ್ಪರ್ಶ. ಮಿನುಗುವ ಪ್ಯಾಡುಗಳೂ ಸಾಲುಗಟ್ಟಿದ ನಾಬುಗಳೂ ಕೊಳ್ಳುವವರ ಕಣ್ಣು ಸೆಳೆಯುತ್ತವೆಯಾದರೂ, ವರ್ಷ ಕಳೆದ ಮೇಲೆ ಕೀಬೋರ್ಡು ಮೇಜಿನ ಮೇಲೆ ಉಳಿಯುತ್ತದೋ ಅಟ್ಟ ಸೇರುತ್ತದೋ ಎಂಬುದನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಈ ಸ್ಪರ್ಶವೇ.

ಹಿನ್ನೆಲೆ

1980ರ ಸುಮಾರಿಗೆ ಒಂದು ಕಂಪನಿಯ ಸಿಂಥಸೈಜರನ್ನು ಇನ್ನೊಂದು ಕಂಪನಿಯದಕ್ಕೆ ಜೋಡಿಸುವುದು ಸುಲಭವಿರಲಿಲ್ಲ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂಡಿಸಿದ ಧ್ವನಿಮುದ್ರಿಕೆಯೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಬಳಕೆಯಾದ ಜ್ಯುಪಿಟರ್-8 ಸಿಂಥಸೈಜರ್, ಟಿಬಿ-303 ಬೇಸ್ ಯಂತ್ರ, ಟಿಆರ್-808 ತಾಳಯಂತ್ರ ಮೂರೂ ರೋಲ್ಯಾಂಡ್ ಕಂಪನಿಯವು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಟ್ಟಿಗೆ ದುಡಿಸುವ ಸಾಮಾನ್ಯ ಭಾಷೆ ಆಗಿನ್ನೂ ಹುಟ್ಟಿರಲಿಲ್ಲ.

ಆ ಭಾಷೆಯ ಮೊದಲ ಕರಡನ್ನು ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಸಂಸ್ಥೆಯ ಡೇವ್ ಸ್ಮಿತ್ ಮತ್ತು ಚೆಟ್ ವುಡ್ 1981ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಮುಂದಿಟ್ಟರು. ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ ಜಪಾನಿನ ಕಂಪನಿಗಳನ್ನು ಇದಕ್ಕೆ ಒಪ್ಪಿಸಿದರು. 1983ರ ಜನವರಿಯಲ್ಲಿ ನಡೆದ ನ್ಯಾಮ್ ವಾಣಿಜ್ಯ ಮೇಳದಲ್ಲಿ ಸೀಕ್ವೆನ್ಷಿಯಲ್‌ನ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜ್ಯುಪಿಟರ್-6 ಒಂದು ಕೇಬಲಿನ ಮೂಲಕ ಮಾತಾಡಿಕೊಂಡವು. ಅದೇ ವರ್ಷದ ಆಗಸ್ಟಿನಲ್ಲಿ ಮಿಡಿ 1.0 ನಿಯಮಾವಳಿ ಪ್ರಕಟವಾಯಿತು. ಪ್ರತಿಸ್ಪರ್ಧಿ ಕಂಪನಿಗಳು ಕೂತು ಒಪ್ಪಿಕೊಂಡು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಈ ನಿಯಮಾವಳಿ ನಾಲ್ಕು ದಶಕ ದಾಟಿದ ಮೇಲೂ ಬಳಕೆಯಲ್ಲಿದೆ. ಕಂಪ್ಯೂಟರ್ ಲೋಕದಲ್ಲಿ ಇಷ್ಟು ಬಾಳಿಕೆ ಅಪರೂಪ. ಸ್ಮಿತ್ ಮತ್ತು ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು.

ನುಡಿಸುವ ಭಾಗವನ್ನೂ ದನಿಯ ಭಾಗವನ್ನೂ ಬೇರೆ ಮಾಡಬಹುದೆಂಬುದು ಮಿಡಿ ಬಂದ ಕೂಡಲೇ ತಯಾರಕರಿಗೆ ಹೊಳೆಯಿತು. 1980ರ ದಶಕದ ನಡುವಿನಲ್ಲಿ ರೋಲ್ಯಾಂಡಿನ ಎಂಕೆಬಿ-1000, ಯಮಹಾದ ಕೆಎಕ್ಸ್88 ಮುಂತಾದ ದನಿಯಿಲ್ಲದ ‘ಮದರ್ ಕೀಬೋರ್ಡ್’ಗಳು ಸ್ಟುಡಿಯೋಗಳಿಗೆ ಬಂದವು. ಅವುಗಳ ದನಿ ಪಕ್ಕದ ಕಪಾಟಿನ ಮಾಡ್ಯೂಲುಗಳಿಂದ ಬರುತ್ತಿತ್ತು. ಮಾಡ್ಯೂಲಿನ ಜಾಗವನ್ನು ಕಂಪ್ಯೂಟರ್ ಕಸಿದುಕೊಂಡದ್ದು ಮುಂದಿನ ದಶಕದ ಕೊನೆಯಲ್ಲಿ. ಜರ್ಮನಿಯ ಸ್ಟೈನ್‌ಬರ್ಗ್ 1996ರಲ್ಲಿ ವಿಎಸ್‌ಟಿ ಪ್ಲಗಿನ್ ಪದ್ಧತಿಯನ್ನು ತಂದು, 1999ರಲ್ಲಿ ಅದನ್ನು ವಾದ್ಯಗಳಿಗೂ ವಿಸ್ತರಿಸಿತು. ಮಿಡಿ ಸಂದೇಶಗಳನ್ನು ಯುಎಸ್‌ಬಿ ಕೇಬಲಿನಲ್ಲಿ ಕಳಿಸುವ ನಿಯಮವೂ 1999ರಲ್ಲೇ ಬಂತು. ಮನೆಯ ಮೇಜಿನ ಮೇಲೆ ಇಡಬಹುದಾದ ಸಣ್ಣ ಕಂಟ್ರೋಲರುಗಳ ಮಾರುಕಟ್ಟೆ ಬೆಳೆದದ್ದು ಇವೆರಡೂ ಕೂಡಿದ ಮೇಲೆ.

ಸಂದೇಶದ ಸ್ವರೂಪ

ಮಿಡಿಯಲ್ಲಿ ಸ್ವರಗಳಿಗೆ 0ರಿಂದ 127ರವರೆಗೆ ಸಂಖ್ಯೆಗಳಿವೆ. ಪಿಯಾನೋದ 88 ಕೀಗಳು ಇದರಲ್ಲಿ 21ರಿಂದ 108ರವರೆಗಿನ ಭಾಗವನ್ನು ಮಾತ್ರ ಬಳಸುತ್ತವೆ. ನಡುವಿನ ‘ಸಿ’ ಸ್ವರ 60. ಇದೇ 60ನ್ನು ಯಮಹಾ ‘ಸಿ3’ ಎನ್ನುತ್ತದೆ, ರೋಲ್ಯಾಂಡ್ ‘ಸಿ4’ ಎನ್ನುತ್ತದೆ. ಕೈಪಿಡಿಯಲ್ಲಿ ಹೇಳಿದ ಕೀ ಒತ್ತಿದರೂ ನಿರೀಕ್ಷಿಸಿದ್ದು ಆಗದಿದ್ದಾಗ ಬಹಳ ಸಲ ಕಾರಣ ಈ ಒಂದು ಸ್ಥಾಯಿಯ ವ್ಯತ್ಯಾಸವೇ. ಒತ್ತಿದ ರಭಸಕ್ಕೆ, ಅಂದರೆ ವೆಲಾಸಿಟಿಗೆ, 1ರಿಂದ 127ರ ಅಳತೆ. ನಾಬು, ಫೇಡರ್, ಪೆಡಲುಗಳಿಗೆ ‘ಕಂಟ್ರೋಲ್ ಚೇಂಜ್’ ಎಂಬ ಬೇರೆ ಸಂದೇಶವಿದೆ. ಅದರಲ್ಲಿ 1 ಮಾಡ್ಯುಲೇಶನ್ ಚಕ್ರಕ್ಕೆ, 7 ವಾಲ್ಯೂಮಿಗೆ, 11 ಎಕ್ಸ್‌ಪ್ರೆಶನ್‌ಗೆ, 64 ಸಸ್ಟೇನ್ ಪೆಡಲಿಗೆ ಮೀಸಲು. ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಸಂದೇಶಕ್ಕೆ ಮಾತ್ರ 128 ಹಂತ ಸಾಲದೆಂದು 16,384 ಹಂತಗಳನ್ನು ಕೊಡಲಾಗಿದೆ.

ಹಳೆಯ ಐದು ಪಿನ್ನಿನ ಮಿಡಿ ಕೇಬಲಿನ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಸಂದೇಶ ದಾಟಲು ಅದರಲ್ಲಿ ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಯುಎಸ್‌ಬಿಯಲ್ಲಿ ಈ ಇಕ್ಕಟ್ಟಿಲ್ಲ. ಕಂಪ್ಯೂಟರಿನೊಂದಿಗೆ ಮಾತ್ರ ಬಳಸುವವರಿಗೆ ಐದು ಪಿನ್ನಿನ ಕಿಂಡಿ ಬೇಕಾಗುವುದಿಲ್ಲ. ಹಳೆಯ ಸಿಂಥಸೈಜರು ಮನೆಯಲ್ಲಿದ್ದರೆ ಅಥವಾ ಮುಂದೆ ಕೊಳ್ಳುವ ಆಸೆಯಿದ್ದರೆ ಬೇಕು.

ಕೀಗಳ ಸ್ಪರ್ಶ

ಕಂಟ್ರೋಲರುಗಳ ಕೀಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸಿಂಥ್ ಆಕ್ಷನ್: ಟೊಳ್ಳು ಪ್ಲಾಸ್ಟಿಕ್ ಕೀಯ ಕೆಳಗೆ ಒಂದು ಸ್ಪ್ರಿಂಗ್. ಒತ್ತುವುದು ಹಗುರ, ಮರಳುವುದು ಚುರುಕು. ಎರಡನೆಯದು ಸೆಮಿ-ವೇಯ್ಟೆಡ್: ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಹಲವು ಮಾದರಿಗಳಲ್ಲಿ ಕೀಗೆ ಸಣ್ಣ ತೂಕವನ್ನೂ ಅಂಟಿಸಿರುತ್ತಾರೆ. ಮೂರನೆಯದು ಹ್ಯಾಮರ್ ಆಕ್ಷನ್: ಪ್ರತಿ ಕೀಗೂ ಒಂದು ತೂಕದ ಸುತ್ತಿಗೆ, ಕೀ ಒತ್ತಿದಾಗ ಬೆರಳು ಆ ತೂಕವನ್ನೇ ಎತ್ತುತ್ತದೆ. ನಿಜವಾದ ಪಿಯಾನೋದಲ್ಲಿ ಕೀ ಸುಮಾರು 10 ಮಿಲಿಮೀಟರ್ ಇಳಿಯುತ್ತದೆ. ಅದನ್ನು ಮೆಲ್ಲಗೆ ಕೆಳಗಿಳಿಸಲು ಸುಮಾರು 50 ಗ್ರಾಂ ಭಾರ ಬೇಕು. ಒಳ್ಳೆಯ ಹ್ಯಾಮರ್ ಕೀಬೋರ್ಡುಗಳು ಇದನ್ನು ಅನುಸರಿಸುವುದಲ್ಲದೆ, ಪಿಯಾನೋದಲ್ಲಿರುವಂತೆ ಮಂದ್ರದ ಕೀಗಳನ್ನು ಭಾರವಾಗಿಯೂ ತಾರದವನ್ನು ಹಗುರವಾಗಿಯೂ ಇಡುತ್ತವೆ.

‘ಸೆಮಿ-ವೇಯ್ಟೆಡ್’ ಎಂಬ ಹೆಸರಿಗೆ ಯಾವ ನಿಗದಿತ ಮಾನದಂಡವೂ ಇಲ್ಲ. ಒಂದು ಕಂಪನಿಯ ಸೆಮಿ-ವೇಯ್ಟೆಡ್ ಕೀ ಇನ್ನೊಂದರ ಸಿಂಥ್ ಆಕ್ಷನ್‌ಗಿಂತ ಹಗುರವಿರಬಹುದು. ಪೆಟ್ಟಿಗೆಯ ಮೇಲಿನ ಬರಹವನ್ನು ನಂಬುವುದಕ್ಕಿಂತ, ಸಾಧ್ಯವಾದರೆ ಕೀಬೆಡ್, ಅಂದರೆ ಕೀಗಳ ಇಡೀ ಹಾಸು, ತಯಾರಿಸಿದವರು ಯಾರೆಂದು ವಿಚಾರಿಸುವುದು ಉಪಯುಕ್ತ. ಕೀಬೋರ್ಡ್ ಮಾರುವ ಎಷ್ಟೋ ಹೆಸರುವಾಸಿ ಕಂಪನಿಗಳು ಕೀಬೆಡ್ಡನ್ನು ತಾವೇ ಮಾಡುವುದಿಲ್ಲ. ಇಟಲಿಯ ರೆಕನಾಟಿಯಲ್ಲಿರುವ ಫಟಾರ್ ಎಂಬ ಸಂಸ್ಥೆಯಿಂದ ತರಿಸಿಕೊಳ್ಳುತ್ತವೆ. ಸ್ಟುಡಿಯೋಲಾಜಿಕ್ ಎಂಬುದು ಫಟಾರ್‌ನದೇ ಬ್ರ್ಯಾಂಡ್. ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬೆಲೆಯ ಎರಡು ಕೀಬೋರ್ಡುಗಳ ಹೊಟ್ಟೆಯೊಳಗೆ ಒಂದೇ ಕೀಬೆಡ್ ಇರುವುದೂ ಉಂಟು.

ರಭಸವನ್ನು ಕೀಬೋರ್ಡ್ ಅಳೆಯುವ ವಿಧಾನ ಸರಳ. ಪ್ರತಿ ಕೀಯ ಕೆಳಗೆ ರಬ್ಬರಿನ ಎರಡು ಸಂಪರ್ಕಗಳಿರುತ್ತವೆ. ಕೀ ಇಳಿಯುವಾಗ ಒಂದು ಮೊದಲು ಕೂಡುತ್ತದೆ, ಇನ್ನೊಂದು ಆಮೇಲೆ. ನಡುವಣ ಸಮಯ ಕಡಿಮೆಯಿದ್ದರೆ ಬಿರುಸಾಗಿ ಒತ್ತಿದಂತೆ, ಹೆಚ್ಚಿದ್ದರೆ ಮೆಲ್ಲಗೆ ಒತ್ತಿದಂತೆ. ಅಂದರೆ ‘ಟಚ್’ ಎಂದು ನಾವು ಕರೆಯುವುದು ವಾಸ್ತವದಲ್ಲಿ ಒತ್ತಡವಲ್ಲ, ವೇಗ. ಎರಡೇ ಸಂಪರ್ಕಗಳಿದ್ದರೆ ಅದೇ ಸ್ವರವನ್ನು ಮತ್ತೆ ನುಡಿಸಲು ಕೀ ಬಹುಮಟ್ಟಿಗೆ ಪೂರ್ತಿ ಮೇಲೆ ಬರಬೇಕು. ದುಬಾರಿ ಹ್ಯಾಮರ್ ಕೀಬೋರ್ಡುಗಳಲ್ಲಿ ಮೂರನೆಯ ಸಂಪರ್ಕವೊಂದಿದ್ದು, ಕೀ ಅರ್ಧ ಎದ್ದಾಗಲೇ ಸ್ವರವನ್ನು ಮರಳಿ ಮೀಟಬಹುದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಭ್ಯಾಸ ಮಾಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಉಳಿದವರು ಇದಕ್ಕಾಗಿ ಹೆಚ್ಚು ಹಣ ಸುರಿಯಬೇಕಿಲ್ಲ.

ವೇಗವನ್ನು 1ರಿಂದ 127ರ ಯಾವ ಸಂಖ್ಯೆಗೆ ಹೊಂದಿಸಬೇಕೆಂಬುದನ್ನು ವೆಲಾಸಿಟಿ ಕರ್ವ್ ತೀರ್ಮಾನಿಸುತ್ತದೆ. ವರ್ಚುವಲ್ ಪಿಯಾನೋಗಳಲ್ಲಿ ಒಂದೊಂದು ಸ್ವರಕ್ಕೂ ಮೆದುವಿನಿಂದ ಬಿರುಸಿನವರೆಗೆ ಹಲವು ಪದರಗಳ ಧ್ವನಿಮುದ್ರಣ ಇರುತ್ತದೆ. ಕೀಬೋರ್ಡು ಎಷ್ಟು ಒತ್ತಿದರೂ 90ರ ಮೇಲೆ ಹೋಗದಿದ್ದರೆ ಆ ಪಿಯಾನೋದ ಅತಿ ಪ್ರಕಾಶಮಾನವಾದ ಪದರ ಯಾವತ್ತೂ ಕೇಳಿಸುವುದಿಲ್ಲ, ಕೊಂಡವರು ಪಿಯಾನೋ ತಂತ್ರಾಂಶವನ್ನೇ ಬೈಯುತ್ತಾರೆ. ಕಂಟ್ರೋಲರಿನಲ್ಲಿ ಅಥವಾ ತಂತ್ರಾಂಶದಲ್ಲಿ ಕರ್ವನ್ನು ತಿದ್ದಿದರೆ ಎಷ್ಟೋ ಸಲ ಇದು ಸರಿಹೋಗುತ್ತದೆ. ಫ್ರಾನ್ಸಿನ ಮೋಡಾರ್ಟ್ ಸಂಸ್ಥೆಯ ಪಿಯಾನೋಟೆಕ್‌ನಲ್ಲಿ, ಒತ್ತುತ್ತಾ ಹೋದಂತೆ ನಮ್ಮ ಕೈಗೆ ತಕ್ಕ ಕರ್ವನ್ನು ರೂಪಿಸಿಕೊಡುವ ಸೌಲಭ್ಯವೇ ಇದೆ. ಇದು ಧ್ವನಿಮುದ್ರಣಗಳನ್ನು ಆಧರಿಸದೆ ತಂತಿ, ಸುತ್ತಿಗೆ, ಹಲಗೆಗಳ ಕಂಪನವನ್ನು ಗಣಿತದಿಂದ ಕಟ್ಟುವ ತಂತ್ರಾಂಶ. ಹಾಗಾಗಿ ಹತ್ತಾರು ಗಿಗಾಬೈಟ್ ತುಂಬುವ ಇತರ ಪಿಯಾನೋಗಳಂತೆ ಕಂಪ್ಯೂಟರಿನ ಜಾಗ ಕಬಳಿಸುವುದಿಲ್ಲ.

ಹ್ಯಾಮರ್ ಆಕ್ಷನ್ ಎಲ್ಲಕ್ಕಿಂತ ಮೇಲು ಎಂಬ ತಿಳಿವಳಿಕೆ ಅಂಗಡಿಗಳಲ್ಲಿ ಸಾಮಾನ್ಯ. ಅದು ಅರ್ಧ ಸತ್ಯ. ಹ್ಯಾಮಂಡ್ ಆರ್ಗನ್ನಿನ ದನಿಯನ್ನು ನುಡಿಸುವವರು ಅಂಗೈಯಿಂದ ಕೀಗಳ ಮೇಲೆ ಒರೆಸಿಕೊಂಡು ಹೋಗುತ್ತಾರೆ. ಅದಕ್ಕೆ ಮುಂತುದಿಯಲ್ಲಿ ಚಾಚು ಇಲ್ಲದ, ದುಂಡಗೆ ಬಾಗಿದ, ಹಗುರವಾದ ‘ವಾಟರ್‌ಫಾಲ್’ ಕೀಗಳೇ ಬೇಕು. ಹ್ಯಾಮರ್ ಕೀಬೋರ್ಡಿನಲ್ಲಿ ಇದನ್ನು ಮಾಡಹೋದರೆ ಅಂಗೈ ನೋಯುತ್ತದೆ. ಸಿಂಥಸೈಜರಿನ ಚುರುಕಾದ ಸ್ವರಾವಳಿಗೆ, ಬೆರಳಲ್ಲಿ ತಬಲಾ ಬೋಲುಗಳನ್ನು ಕೂರಿಸುವುದಕ್ಕೆ, ಹಾರ್ಮೋನಿಯಂ ಕೈಯಿಂದ ಬಂದವರ ವೇಗದ ತಾನಗಳಿಗೆ ಕೂಡ ಹಗುರ ಕೀಯೇ ಅನುಕೂಲ. ಪಿಯಾನೋವನ್ನೇ ಮುಖ್ಯವಾಗಿ ನುಡಿಸುವವರು ಅಥವಾ ಪಿಯಾನೋ ಗ್ರೇಡ್ ಪರೀಕ್ಷೆಗೆ ತಯಾರಾಗುತ್ತಿರುವವರು ಮಾತ್ರ ಹ್ಯಾಮರ್ ಬಿಟ್ಟು ಬೇರೆಯದನ್ನು ಯೋಚಿಸಬಾರದು: ಹಗುರ ಕೀಯಲ್ಲಿ ಪಳಗಿದ ಬೆರಳು ಪರೀಕ್ಷೆಯ ಕೋಣೆಯ ಪಿಯಾನೋದ ಮುಂದೆ ತಡವರಿಸುತ್ತದೆ. ಪಿಯಾನೋವೂ ಬೇಕು, ಸಿಂಥೂ ಬೇಕು, ತಂತಿವಾದ್ಯವೂ ಬೇಕು ಎನ್ನುವವರಿಗೆ ಒಳ್ಳೆಯ ಸೆಮಿ-ವೇಯ್ಟೆಡ್ ಒಂದು ಒಪ್ಪಂದ. ಒಪ್ಪಂದವೆಂದ ಮೇಲೆ ಎರಡೂ ಕಡೆ ಸ್ವಲ್ಪ ಬಿಟ್ಟುಕೊಡಬೇಕು.

ಎಷ್ಟು ಕೀ

ಮಾರುಕಟ್ಟೆಯಲ್ಲಿ 25, 32, 37, 49, 61, 76 ಮತ್ತು 88 ಕೀಗಳ ಕಂಟ್ರೋಲರುಗಳು ಸಿಗುತ್ತವೆ. ಪೂರ್ಣ ಗಾತ್ರದ ಬಿಳಿ ಕೀಯ ಅಗಲ ಸುಮಾರು 23.5 ಮಿಲಿಮೀಟರ್, ಒಂದು ಸ್ಥಾಯಿಗೆ 16.5 ಸೆಂಟಿಮೀಟರ್. ಈ ಲೆಕ್ಕದಲ್ಲಿ 49 ಕೀಗಳ ಹಾಸು ಸುಮಾರು 68 ಸೆಂಟಿಮೀಟರ್, 61ರದು 85, 88ರದು 122. ಎಡಗಡೆ ಚಕ್ರಗಳಿದ್ದರೆ ಇನ್ನಷ್ಟು ಜಾಗ ಬೇಕು. ಕೊಳ್ಳುವ ಮೊದಲು ಮೇಜನ್ನು ಅಳೆಯುವವರು ಕಡಿಮೆ. ಅಗಲವಷ್ಟೇ ಅಲ್ಲ, ಎತ್ತರವೂ ಮುಖ್ಯ. ಪಿಯಾನೋದ ಕೀಗಳು ನೆಲದಿಂದ ಸುಮಾರು 72ರಿಂದ 74 ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ಬರೆಯುವ ಮೇಜಿನ ಹಲಗೆಯೇ ಹೆಚ್ಚುಕಡಿಮೆ ಅಷ್ಟು ಎತ್ತರವಿರುತ್ತದೆ. ಅದರ ಮೇಲೆ ಹತ್ತು ಸೆಂಟಿಮೀಟರ್ ದಪ್ಪದ ಕೀಬೋರ್ಡ್ ಇಟ್ಟರೆ ಮೊಣಕೈ ಮೇಲೇರಿ ಭುಜ ಬಿಗಿಯುತ್ತದೆ. ಬೇರೆ ಸ್ಟ್ಯಾಂಡ್ ಅಥವಾ ಮೇಜಿನಡಿಯ ಜಾರುಹಲಗೆ ಇದಕ್ಕೆ ಪರಿಹಾರ.

ಸಣ್ಣ ಕೀಗಳ 25ರ ಮಾದರಿಗಳು, ಅಕಾಯ್‌ನ ಎಂಪಿಕೆ ಮಿನಿ, ಆರ್ಟೂರಿಯಾದ ಮಿನಿಲ್ಯಾಬ್, ಕಾರ್ಗ್‌ನ ನ್ಯಾನೋಕೀ ಇಂಥವು, ಲ್ಯಾಪ್‌ಟಾಪ್ ಚೀಲದಲ್ಲಿ ಹಿಡಿಯುತ್ತವೆ. ಡ್ರಮ್ಸ್ ಕೂರಿಸಲು, ಬೇಸ್ ಸಾಲು ಬರೆಯಲು, ಹೊಳೆದ ಮಟ್ಟನ್ನು ಮರೆಯುವ ಮುಂಚೆ ಹಿಡಿದಿಡಲು ಇವು ಸಾಕು. ಎರಡು ಕೈಯಿಂದ ನುಡಿಸುವ ಯಾವುದಕ್ಕೂ ಸಾಲವು. ಸ್ಥಾಯಿ ಬದಲಿಸುವ ಗುಂಡಿಯಿದೆಯಲ್ಲ ಎನ್ನಬಹುದು. ಬಲಗೈಯ ಮಟ್ಟಿನ ಕೆಳಗೆ ಎಡಗೈಯ ಸ್ವರಮೇಳ ಒಟ್ಟಿಗೇ ಬೇಕಾದಾಗ ಆ ಗುಂಡಿ ಉಪಯೋಗಕ್ಕೆ ಬರುವುದಿಲ್ಲ. 49 ಕೀಗಳಿದ್ದರೆ ಎರಡೂ ಕೈಗೆ ಎರಡೆರಡು ಸ್ಥಾಯಿ ಸಿಗುತ್ತದೆ. ಹೆಚ್ಚಿನ ಮನೆಗಳಿಗೆ 61 ಸರಿಯಾದ ಅಳತೆ ಎಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಕೈಗಳ ವ್ಯಾಪ್ತಿಗಿಂತ ದೊಡ್ಡ ಕಾರಣ ಕೀಸ್ವಿಚ್. ವರ್ಚುವಲ್ ಪಿಟೀಲು, ಚೆಲ್ಲೋ ಮುಂತಾದ ವಾದ್ಯಗಳಲ್ಲಿ ಕಮಾನಿನ ಉದ್ದೆಳೆತ, ಬೆರಳಿನ ಮೀಟು, ಕಂಪನ ಮುಂತಾದ ಬಗೆಗಳ ನಡುವೆ ದಾಟಲು ಮಂದ್ರದ ಕೆಲವು ಕೀಗಳನ್ನು ಮೀಸಲಿಟ್ಟಿರುತ್ತಾರೆ. ಅವು ದನಿ ಹೊರಡಿಸುವುದಿಲ್ಲ, ಬಗೆ ಬದಲಿಸುತ್ತವೆ. ಕೀಬೋರ್ಡ್ ಚಿಕ್ಕದಾದರೆ ಈ ಕೀಗಳು ಕೈಗೆಟಕದೆ ಹೊರಗುಳಿಯುತ್ತವೆ. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಕಾಂಪ್ಲೀಟ್ ಕಂಟ್ರೋಲ್ ಎಸ್ ಸರಣಿಯಲ್ಲಿ ಕೀಗಳ ಹಿಂದೆ ಬಣ್ಣದ ದೀಪಗಳಿದ್ದು, ಯಾವುದು ಕೀಸ್ವಿಚ್, ಯಾವುದು ಸ್ವರ ಎಂದು ತೋರಿಸುತ್ತವೆ.

ಪೆಡಲು, ಚಕ್ರ, ಗುಂಡಿ

ಸಸ್ಟೇನ್ ಪೆಡಲ್ ಇಲ್ಲದೆ ಪಿಯಾನೋ ನುಡಿಸಲಾಗದು. ಆದರೂ ಪೆಟ್ಟಿಗೆಯೊಳಗೆ ಅದು ಬಹುಪಾಲು ಇರುವುದಿಲ್ಲ, ಬೇರೆ ಕೊಳ್ಳಬೇಕು. ಕೆಲವು ಕಂಪನಿಗಳ ಪೆಡಲು ತುಳಿದಾಗ ವಿದ್ಯುತ್ ಮಂಡಲ ಕೂಡಿಸುತ್ತದೆ, ಇನ್ನು ಕೆಲವು ಬಿಡಿಸುತ್ತವೆ. ಹೊಂದದಿದ್ದರೆ ಪೆಡಲು ತಿರುಗಾಮುರುಗಾ ಕೆಲಸ ಮಾಡುತ್ತದೆ: ಕಾಲು ತೆಗೆದಾಗ ಸ್ವರಗಳು ನುಡಿಯುತ್ತಲೇ ಇರುತ್ತವೆ, ತುಳಿದಾಗ ಕಡಿಯುತ್ತವೆ. ಪೆಡಲಿನ ಅಡಿಯಲ್ಲಿ ದಿಕ್ಕು ಬದಲಿಸುವ ಸ್ವಿಚ್ ಇರುವುದನ್ನೇ ಕೊಂಡರೆ ಈ ತಲೆನೋವಿಲ್ಲ. ಅನೇಕ ಕಂಟ್ರೋಲರುಗಳು ಆನ್ ಆಗುವಾಗ ಪೆಡಲಿನ ದಿಕ್ಕನ್ನು ತಾವೇ ಗುರುತಿಸುವುದರಿಂದ, ಆ ಹೊತ್ತಿನಲ್ಲಿ ಪೆಡಲಿನ ಮೇಲೆ ಕಾಲಿಡಬಾರದು. ಅರ್ಧ ತುಳಿತವನ್ನೂ ಅರಿಯುವ ಪೆಡಲು ಕೊಳ್ಳುವವರು ಕಂಟ್ರೋಲರೂ ತಂತ್ರಾಂಶವೂ ಅದನ್ನು ಬೆಂಬಲಿಸುತ್ತವೆಯೇ ಎಂದು ನೋಡಿಕೊಳ್ಳಬೇಕು.

ತಂತಿ, ಊದುವ ವಾದ್ಯಗಳನ್ನು ನುಡಿಸುವವರಿಗೆ ಕೀಗಳಷ್ಟೇ ಮುಖ್ಯವಾದದ್ದು ಮಾಡ್ಯುಲೇಶನ್ ಚಕ್ರ. ಪಿಯಾನೋ ಸ್ವರ ಹುಟ್ಟಿದ ಮೇಲೆ ಕ್ಷೀಣಿಸುತ್ತದಷ್ಟೆ. ಪಿಟೀಲಿನ ಸ್ವರವಾದರೋ ಕಮಾನು ಇರುವವರೆಗೆ ಉಬ್ಬಬಹುದು, ಇಳಿಯಬಹುದು. ಆ ಉಬ್ಬುತಗ್ಗನ್ನು ಒಂದು ಕೈಯಿಂದ ಮಾಡ್ಯುಲೇಶನ್ ಚಕ್ರದ ಮೇಲೆ, ಇಲ್ಲವೇ ಎರಡು ಫೇಡರುಗಳ ಮೇಲೆ ನಡೆಸಲಾಗುತ್ತದೆ. ಆರ್ಕೆಸ್ಟ್ರಾ ತಂತ್ರಾಂಶದ ಎದುರು ಕೂತವರಿಗೆ ಒಂದಿಷ್ಟು ಉದ್ದದ, ಜಾರಿಕೆಯಿರುವ ಎರಡು ಫೇಡರುಗಳು ಎಂಟು ನಾಬುಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಹ್ಯಾಮಂಡ್ ಆರ್ಗನ್ನಿನ ದನಿಯನ್ನು ರೂಪಿಸುವ ಡ್ರಾಬಾರುಗಳು ಒಂದು ಗುಂಪಿಗೆ ಒಂಬತ್ತು. ಒಂಬತ್ತು ಫೇಡರುಗಳಿರುವ ಕಂಟ್ರೋಲರಿನಲ್ಲಿ ಅವು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಎಂಟಿದ್ದರೆ ಒಂದು ಅನಾಥ.

ಕೀ ತಳ ಮುಟ್ಟಿದ ಮೇಲೆ ಇನ್ನೂ ಒತ್ತಿದರೆ ಬೇರೊಂದು ಸಂದೇಶ ಹೊರಡುವುದು ಆಫ್ಟರ್‌ಟಚ್. ಅಗ್ಗದ ಮಾದರಿಗಳಲ್ಲಿ ಇದು ಇರುವುದಿಲ್ಲ. ಇದ್ದರೂ ಹೆಚ್ಚಿನವುಗಳಲ್ಲಿ ಒಂದು ಬೆರಳು ಒತ್ತಿದರೆ ನುಡಿಯುತ್ತಿರುವ ಎಲ್ಲ ಸ್ವರಗಳಿಗೂ ಪರಿಣಾಮ ತಟ್ಟುತ್ತದೆ. ಸಿಂಥ್ ದನಿಗಳನ್ನು ಮೆಚ್ಚುವವರಿಗೆ ಇದು ಸುಖ, ಪಿಯಾನೋದವರಿಗೆ ಅನಗತ್ಯ. ಡ್ರಮ್ ಪ್ಯಾಡುಗಳ ವಿಚಾರವೂ ಹೀಗೇ: ತಾಳ ಕೂರಿಸುವವರಿಗೆ ಬೇಕು, ಉಳಿದವರಿಗೆ ಅಲಂಕಾರ. ಪ್ಲೇ, ಸ್ಟಾಪ್, ರೆಕಾರ್ಡ್ ಗುಂಡಿಗಳು ಮುದ್ರಣ ತಂತ್ರಾಂಶದೊಂದಿಗೆ ಹೊಂದಿಕೊಂಡರೆ ಮೌಸಿಗೆ ಕೈ ಹಾಕುವ ಕೆಲಸ ಕಡಿಮೆಯಾಗುತ್ತದೆ.

ಗಮಕ ಮತ್ತು ಹನ್ನೆರಡು ಕೀ

ಕೀಬೋರ್ಡಿನಲ್ಲಿ ಭಾರತೀಯ ಸಂಗೀತ ನುಡಿಸುವವರಿಗೆ ಮೇಲಿನದೆಲ್ಲ ಪೀಠಿಕೆಯಷ್ಟೆ. ಕೀಗಳ ವಾದ್ಯದ ಮೇಲಿನ ಆಕ್ಷೇಪ ಇಲ್ಲಿ ಹಳೆಯದು. ಸ್ವರದಿಂದ ಸ್ವರಕ್ಕೆ ಜಾರಲಾಗದು, ಸ್ವರಸ್ಥಾನಗಳು ಸಮವಾಗಿ ಹಂಚಿದ ಹನ್ನೆರಡರಲ್ಲೇ ಬಿಗಿದುಹೋಗಿವೆ ಎಂಬ ಕಾರಣಗಳಿಂದ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. ನಿಷೇಧ ಸಡಿಲಗೊಳ್ಳಲು ಮೂರು ದಶಕ ಬೇಕಾಯಿತು. ಅಷ್ಟು ಹೊತ್ತಿಗೆ ಕನ್ನಡದ ಕಂಪನಿ ನಾಟಕಗಳು ಅದೇ ಹಾರ್ಮೋನಿಯಂ ಇಟ್ಟುಕೊಂಡು ರಂಗಗೀತೆಗಳ ದೊಡ್ಡ ಪರಂಪರೆಯನ್ನೇ ಕಟ್ಟಿದ್ದವು.

ಹಾರ್ಮೋನಿಯಂನಲ್ಲಿ ಇಲ್ಲದ ಒಂದು ಸಾಧನ ಮಿಡಿ ಕೀಬೋರ್ಡಿನಲ್ಲಿದೆ: ಪಿಚ್ ಬೆಂಡ್. ಬಲಗೈ ಕೀ ಹಿಡಿದಿರುವಾಗ ಎಡಗೈ ಚಕ್ರವನ್ನು ಆಡಿಸಿದರೆ ಸ್ವರ ಜಾರುತ್ತದೆ. ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತ ಕಚೇರಿ ಮಾಡುವ ಚೆನ್ನೈನ ಕೆ. ಸತ್ಯನಾರಾಯಣನ್ ಅಂಥವರ ಗಮಕಗಳು ನಿಂತಿರುವುದು ಬೆಂಡ್ ಮೇಲಿನ ಹಿಡಿತದಲ್ಲಿ. ಸಾಮಾನ್ಯವಾಗಿ ತಂತ್ರಾಂಶಗಳು ಬೆಂಡ್ ವ್ಯಾಪ್ತಿಯನ್ನು ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಕ್ಕೆ ಇಟ್ಟಿರುತ್ತವೆ. ತೋಡಿಯ ಗಾಂಧಾರದ ಆಂದೋಲನಕ್ಕೆ ಇದು ಸಾಲಬಹುದು. ಸ್ಥಾಯಿಯುದ್ದದ ಮೀಂಡ್‌ಗೆ ವ್ಯಾಪ್ತಿಯನ್ನು ಹನ್ನೆರಡಕ್ಕೆ ಏರಿಸಬೇಕು. ಹಾಗೆ ಏರಿಸಿದರೂ 16,384 ಹಂತಗಳಲ್ಲಿ ಒಂದು ಹಂತವೆಂದರೆ ಅರ್ಧಸ್ವರದ ನೂರರಲ್ಲಿ ಒಂದು ಪಾಲಿನ ಆರನೆಯ ಒಂದಂಶಕ್ಕಿಂತ ಕಡಿಮೆ. ಆದ್ದರಿಂದ ಮಿಡಿಯ ಅಳತೆ ಒರಟು ಎಂಬ ದೂರಿಗೆ ಆಧಾರವಿಲ್ಲ. ಒರಟಾಗಿರುವುದು ಚಕ್ರ. ವ್ಯಾಪ್ತಿ ಹೆಚ್ಚಿದಷ್ಟೂ ಕೂದಲೆಳೆಯ ಚಲನೆಯೂ ದೊಡ್ಡ ಜಾರಿಕೆಯಾಗುತ್ತದೆ, ಕೈ ಬಿಟ್ಟ ಕೂಡಲೇ ಸ್ಪ್ರಿಂಗ್ ಅದನ್ನು ನಡುವಿಗೆ ಎಳೆದುಹಾಕುತ್ತದೆ.

ಆದ್ದರಿಂದ ಗಮಕ ಬೇಕಾದವರು ಮೊದಲು ನೋಡಬೇಕಾದದ್ದು ಎಡತುದಿಯನ್ನು. ಉದ್ದ ಚಲನೆಯ ನಿಜವಾದ ಚಕ್ರವಿದ್ದರೆ ಒಳ್ಳೆಯದು. ರೋಲ್ಯಾಂಡಿನ ಅಡ್ಡಡ್ಡ ಆಡುವ ಸನ್ನೆ, ಕಾರ್ಗ್‌ನ ಜಾಯ್‌ಸ್ಟಿಕ್ ಅಭ್ಯಾಸವಾದವರಿಗೆ ಒಗ್ಗುತ್ತವೆ. ಬೆರಳು ಜಾರಿಸುವ ಸ್ಪರ್ಶಪಟ್ಟಿ ಬೇರೆ ಬಗೆಯ ಅಭ್ಯಾಸ ಕೇಳುತ್ತದೆ. ಚಕ್ರದ ಬದಲು ಎರಡು ಗುಂಡಿಗಳಿರುವ ಸಣ್ಣ ಕಂಟ್ರೋಲರುಗಳಲ್ಲಿ ಗಮಕ ಅಸಾಧ್ಯವೆಂದೇ ತಿಳಿಯಬೇಕು. ವಾದ್ಯವನ್ನು ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಲೆಗಾಟೋ ಕ್ರಮಕ್ಕೆ ಹಾಕಿ, ಸ್ವರದಿಂದ ಸ್ವರಕ್ಕೆ ಜಾರುವ ಪೋರ್ಟಮೆಂಟೋವನ್ನು ಹಿತವಾಗಿ ಬಳಸಿದರೆ ಚಕ್ರದ ಮೇಲಿನ ಹೊರೆ ಇಳಿಯುತ್ತದೆ.

ಮಾಮೂಲಿ ಮಿಡಿಯಲ್ಲಿ ಬೆಂಡ್ ಸಂದೇಶ ಒಂದು ಚಾನೆಲಿನ ಎಲ್ಲ ಸ್ವರಗಳಿಗೂ ಒಟ್ಟಿಗೆ ತಟ್ಟುತ್ತದೆ. ಷಡ್ಜ ಹಿಡಿದುಕೊಂಡು ಗಾಂಧಾರವನ್ನು ಅಲುಗಿಸಿದರೆ ಷಡ್ಜವೂ ಅಲುಗುತ್ತದೆ. 2018ರಲ್ಲಿ ಅಂಗೀಕಾರವಾದ ಎಂಪಿಇ ಪದ್ಧತಿ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಕೊಟ್ಟು ಇದನ್ನು ಬಿಡಿಸಿತು. ರೋಲಿ ಸಂಸ್ಥೆಯ ಸೀಬೋರ್ಡಿನಲ್ಲಿ ಮೆತ್ತನೆಯ ಹಾಸಿನ ಮೇಲೆ ಬೆರಳನ್ನೇ ಜಾರಿಸಬಹುದು. ರೋಜರ್ ಲಿನ್ ರೂಪಿಸಿದ ಲಿನ್‌ಸ್ಟ್ರುಮೆಂಟ್‌ನಲ್ಲಿ ಕೀಗಳ ಬದಲು ಚೌಕಗಳ ಜಾಲವಿದೆ. ಫ್ರಾನ್ಸಿನ ಎಕ್ಸ್‌ಪ್ರೆಸಿವ್ ಇ ಸಂಸ್ಥೆಯ ಆಸ್ಮೋಸ್ ನೋಡಲು ಸಾಧಾರಣ ಕೀಬೋರ್ಡಿನಂತಿದ್ದರೂ ಅದರ ಕೀಗಳು ಅಕ್ಕಪಕ್ಕ ಅಲುಗುತ್ತವೆ, ವೀಣೆಯ ತಂತಿಯನ್ನು ಅಡ್ಡಕ್ಕೆ ಎಳೆದಂತೆ. ಇವೆಲ್ಲ ದುಬಾರಿ. ಜೊತೆಗೆ ದನಿ ಕೊಡುವ ತಂತ್ರಾಂಶವೂ ಎಂಪಿಇ ಅರಿತಿರಬೇಕು. ಸರ್ಜ್ ಎಕ್ಸ್‌ಟಿ ಎಂಬ ಮುಕ್ತ, ಉಚಿತ ಸಿಂಥಸೈಜರ್ ಎಂಪಿಇ ಅರಿಯುವುದಲ್ಲದೆ, ಹನ್ನೆರಡು ಸಮಭಾಗಗಳ ಶ್ರುತಿಯನ್ನು ಬಿಟ್ಟು ನಮಗೆ ಬೇಕಾದ ಸ್ವರಸ್ಥಾನಗಳ ಪಟ್ಟಿಯನ್ನು ತುಂಬಿಸಲೂ ಬಿಡುತ್ತದೆ. ತಂಬೂರಿಯ ಶ್ರುತಿಗೆ ಕೀಬೋರ್ಡಿನ ಗಾಂಧಾರ ಏಕೆ ಪೂರ್ತಿ ಕೂಡುವುದಿಲ್ಲ ಎಂದು ಕಿವಿಯಿಂದಲೇ ತಿಳಿಯಬಯಸುವವರಿಗೆ ಇದೊಂದು ಒಳ್ಳೆಯ ಪ್ರಯೋಗ.

ಲೇಟೆನ್ಸಿ

ಕೀ ಒತ್ತಿದ ಮೇಲೆ ದನಿ ತಡವಾಗಿ ಬಂದರೆ ತಪ್ಪು ಸಾಮಾನ್ಯವಾಗಿ ಕೀಬೋರ್ಡಿನದಲ್ಲ. ಕಂಪ್ಯೂಟರ್ ದನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಲೆಕ್ಕ ಹಾಕಿ ಕಳಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ 128 ಸ್ಯಾಂಪಲಿನ ಕಂತೆಂದರೆ 3 ಮಿಲಿಸೆಕೆಂಡ್, 512 ಎಂದರೆ 12, 1024 ಎಂದರೆ 23. ಹತ್ತು ಮಿಲಿಸೆಕೆಂಡ್ ಒಳಗಿದ್ದರೆ ಹೆಚ್ಚಿನವರ ಕೈಗೆ ತಿಳಿಯುವುದಿಲ್ಲ. ಅದು ಮೂರೂವರೆ ಮೀಟರ್ ದೂರದ ಸ್ಪೀಕರಿನಿಂದ ದನಿ ಬರಲು ಹಿಡಿಯುವಷ್ಟು ಹೊತ್ತು. ವಿಂಡೋಸ್ ಬಳಸುವವರು ಈ ತಡ ಇಳಿಸುವ ಆಸಿಯೋ ಡ್ರೈವರ್ ಹಾಕಿಕೊಳ್ಳಬೇಕು. ಆಡಿಯೋ ಇಂಟರ್‌ಫೇಸ್ ಇದ್ದರೆ ಅದರ ಜೊತೆ ಬರುತ್ತದೆ, ಇಲ್ಲದಿದ್ದರೆ ಉಚಿತವಾದ ಆಸಿಯೋ4ಆಲ್ ಇದೆ. ಮ್ಯಾಕ್‌ನಲ್ಲಿ ಇಂಥದ್ದೇನೂ ಬೇಡ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ವರ್ಚುವಲ್ ವಾದ್ಯ ನುಡಿಸುವುದು ಆಗದ ಕೆಲಸ. ಅದರ ತಡ ನೂರು ಮಿಲಿಸೆಕೆಂಡ್ ದಾಟುವುದು ಮಾಮೂಲು. ತಂತಿಯ ಹೆಡ್‌ಫೋನೇ ಆಗಬೇಕು.

ಮನೆಯಲ್ಲಿರುವ ಕೀಬೋರ್ಡು, ಅಂಗಡಿಯ ಕೀಬೋರ್ಡು

ಹೊಸದು ಕೊಳ್ಳುವ ಮುನ್ನ ಮನೆಯಲ್ಲಿ ಈಗಾಗಲೇ ಇರುವ ಕ್ಯಾಸಿಯೋ, ಯಮಹಾ ಕೀಬೋರ್ಡಿನ ಬೆನ್ನನ್ನು ನೋಡಬೇಕು. ಅಲ್ಲಿ ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕಿಂಡಿಯಿದ್ದರೆ ಅದೇ ಕಂಟ್ರೋಲರ್ ಆಗಬಲ್ಲದು. ಭಾರತೀಯ ವಾದ್ಯಗಳ ದನಿ, ತಾಳಗಳನ್ನು ತುಂಬಿ ಯಮಹಾ ನಮ್ಮ ದೇಶಕ್ಕೆಂದು ತಂದ ಪಿಎಸ್‌ಆರ್-ಐ ಸರಣಿಯ ಕೀಬೋರ್ಡುಗಳನ್ನೂ, ಡಿಜಿಟಲ್ ಪಿಯಾನೋಗಳನ್ನೂ ಹೀಗೆ ಬಳಸಿಕೊಳ್ಳಬಹುದು. ಎರಡು ಸಂಗತಿ ಗಮನಿಸಬೇಕು: ತೀರ ಅಗ್ಗದ ಮಾದರಿಗಳಲ್ಲಿ ಟಚ್ ಇರುವುದಿಲ್ಲ, ಹೇಗೆ ಒತ್ತಿದರೂ ಒಂದೇ ರಭಸ; ಕೀಬೋರ್ಡಿನ ಸ್ವಂತ ದನಿಯೂ ಕಂಪ್ಯೂಟರಿನ ದನಿಯೂ ಒಟ್ಟಿಗೆ ಕೇಳಿಸಿದರೆ ‘ಲೋಕಲ್ ಕಂಟ್ರೋಲ್’ ಎಂಬುದನ್ನು ಆಫ್ ಮಾಡಬೇಕು. ಪಿಯಾನೋ ಕಲಿಯುವವರಿಗಂತೂ ಸ್ವಂತ ದನಿಯಿರುವ ಸಾಧಾರಣ ಡಿಜಿಟಲ್ ಪಿಯಾನೋವೇ ದನಿಯಿಲ್ಲದ 88 ಕೀಗಳ ಕಂಟ್ರೋಲರಿಗಿಂತ ಎಷ್ಟೋ ವೇಳೆ ಜಾಣ ಆಯ್ಕೆ. ಅಭ್ಯಾಸಕ್ಕೆ ಪ್ರತಿ ಸಲ ಕಂಪ್ಯೂಟರ್ ಹಚ್ಚುವ ಗೋಜಿಲ್ಲ.

ಹೊಸ ಕಂಟ್ರೋಲರಿನ ಜೊತೆ ಬರುವ ಉಚಿತ ತಂತ್ರಾಂಶಗಳ ಪಟ್ಟಿ ಉದ್ದವಾಗಿರುತ್ತದೆ. ಅದರಲ್ಲಿ ಒಂದೆರಡು ನಿಜಕ್ಕೂ ಒಳ್ಳೆಯವಿರಬಹುದು, ಆದರೆ ಪಟ್ಟಿ ನೋಡಿ ಕೀಬೋರ್ಡ್ ಆರಿಸುವುದು ತಲೆಕೆಳಗಿನ ಕ್ರಮ. ಸ್ಪಿಟ್‌ಫೈರ್‌ನ ಲ್ಯಾಬ್ಸ್, ವೈಟಲ್, ಡಿಸೆಂಟ್ ಸ್ಯಾಂಪ್ಲರ್, ಸ್ಯಾಲಮ್ಯಾಂಡರ್ ಗ್ರ್ಯಾಂಡ್ ಪಿಯಾನೋ ಹೀಗೆ ಹಣ ಕೊಡದೆಯೂ ಸಿಗುವ ವಾದ್ಯಗಳೇ ಒಬ್ಬರ ಕೆಲವು ವರ್ಷಗಳಿಗೆ ಸಾಕು. 2020ರಲ್ಲಿ ಮಿಡಿ 2.0 ಬಂದಿದ್ದು, ಅದರಲ್ಲಿ ರಭಸಕ್ಕೆ 128ರ ಬದಲು 65,536 ಹಂತಗಳಿವೆ. ರೋಲ್ಯಾಂಡಿನ ಎ-88 ಎಂಕೆ2 ಅದಕ್ಕೆ ಸಿದ್ಧವೆಂದು ಆಗಲೇ ಹೇಳಿಕೊಂಡಿತು. ಹೊಸ ನಿಯಮ ಹಳೆಯದರೊಂದಿಗೆ ಹೊಂದಿಕೊಳ್ಳುವಂತೆ ರೂಪುಗೊಂಡಿರುವುದರಿಂದ ಅದಕ್ಕಾಗಿ ಕಾಯುವ ಅಗತ್ಯವಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಲ್ಯಾಪ್‌ಟಾಪ್ ಜೊತೆಗೆ ಹೋಗಬೇಕು. ಮಿಡಿ ಸಂದೇಶಗಳನ್ನು ಅಂಕಿಗಳಲ್ಲಿ ತೋರಿಸುವ ಉಚಿತ ಮಾನಿಟರ್ ತಂತ್ರಾಂಶ ತೆರೆದು, ಕೆಳಗಿನಿಂದ ಮೇಲಿನವರೆಗೆ ಪ್ರತಿ ಕೀಯನ್ನೂ ಒಂದೇ ಬಿರುಸಿನಿಂದ ಒತ್ತಿ ನೋಡಬೇಕು. ಅಕ್ಕಪಕ್ಕದ ಕೀಗಳು 60, 64, 62 ತೋರಿಸುತ್ತಿರುವಾಗ ಒಂದು ಮಾತ್ರ 127ಕ್ಕೆ ಹಾರಿದರೆ ಅಥವಾ ಒಂದು ಒತ್ತಿಗೆ ಎರಡು ಸಂದೇಶ ಹೊರಟರೆ ಅದರ ರಬ್ಬರ್ ಸಂಪರ್ಕ ಸವೆದಿದೆ, ಇಲ್ಲವೇ ದೂಳು ಕೂತಿದೆ. ಬಿಚ್ಚಿ ಒರೆಸಿದರೆ ಸರಿಹೋಗಲೂಬಹುದು, ಆ ಶ್ರಮವನ್ನು ಬೆಲೆಯಲ್ಲಿ ಕಳೆಯಬೇಕು. ಕೈ ಹಾಕದಿದ್ದಾಗಲೂ ನಾಬಿನ ಅಂಕಿ ನಡುಗುತ್ತಿದೆಯೇ, ಬಿಟ್ಟ ಬೆಂಡ್ ಚಕ್ರ ಸರಿಯಾಗಿ ಸೊನ್ನೆಗೆ ಮರಳುತ್ತದೆಯೇ, ಯುಎಸ್‌ಬಿ ಕಿಂಡಿ ಅಲುಗಾಡುತ್ತದೆಯೇ, ಪೆಡಲಿನ ಕಿಂಡಿ ಕೆಲಸ ಮಾಡುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಬೇಕು. ಜೊತೆಗೆ ಬಂದ ತಂತ್ರಾಂಶದ ಪರವಾನಗಿ ಸಾಮಾನ್ಯವಾಗಿ ಮೊದಲು ಕೊಂಡವರ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಮಾರುವವರು ಅದಕ್ಕೂ ಬೆಲೆ ಕಟ್ಟಿದ್ದರೆ, ವರ್ಗಾವಣೆ ಸಾಧ್ಯವೇ ಎಂದು ಹಣ ಕೊಡುವ ಮೊದಲು ಕೇಳಬೇಕು.